ಅರವತ್ತೊಂದನೆಯ ದಿನ

“ಕೇಂದ್ರ ಕಾನೂನು ಇಲಾಖೇಲಿ ಒಬ್ಬ ಹುಲಿ ಇದಾನೆ, ಅವನು ಒಂದು ಸಾಲು ಗೀಚಿದ್ರೆ ಆ ಮಸೂದೆ ಬಾಲ ಮುದುರ್ಕೊಂಡು ಓಡುತ್ತೆ ಅಂತ ನಮ್ಮ ಬೀದಿಯವರಿಗೆಲ್ಲ ಹೇಳ್ಬಿಟ್ಟಿದ್ದೀನಿ,” ಎನ್ನುತ್ತ ಅಕ್ಕ ಕುರ್ಚಿ ಎಳೆದು ಕೂತಳು. “ನಿನ್ನೆಗೆ ಗಡುವು ಮುಗೀತಲ್ಲ? ಏನು ಬರೆದೆ, ಓದು ನೋಡೋಣ.”

ಭೂಮಿ ಬಾಯಿ ಬಿಟ್ಟಿದ್ದರೆ ಎದುರಿಗಿದ್ದ ಉಪಕಾರ್ಯದರ್ಶಿ ತಮ್ಮ ಕುರ್ಚಿಸಮೇತ ಇಳಿದುಬಿಡುತ್ತಿದ್ದ. ಆದರೆ ಅವನ ಕೋಣೆ ಇದ್ದದ್ದು ಮೂರನೆಯ ಮಹಡಿಯಲ್ಲಿ. ಇಳಿಯಲು ನಡುವೆ ಇನ್ನೆರಡು ಇಲಾಖೆಗಳ ಒಪ್ಪಿಗೆ ಬೇಕಿತ್ತು.

ಅಕ್ಕನ ಮಾತೇನೂ ಸುಳ್ಳಲ್ಲ. ಅವನಂಥ ಟಿಪ್ಪಣಿಕಾರ ಆ ಇಲಾಖೆಯಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅವನ ಒಂದು ಅಲ್ಪವಿರಾಮಕ್ಕೆ ಮೂರು ಸರ್ಕಾರಗಳು ಬೆವರಿದ್ದುಂಟು. ಅಂಥವನ ಮೇಜಿಗೆ ಎರಡು ತಿಂಗಳ ಹಿಂದೆ ಅಕ್ಕನಿದ್ದ ರಾಜ್ಯದ ಒಂದು ಮಸೂದೆ ಬಂದಿತ್ತು: ರಾಜ್ಯದಲ್ಲಿ ಹುಟ್ಟದವರು ಅಲ್ಲಿ ಜಮೀನು ಇಟ್ಟುಕೊಳ್ಳುವಂತಿಲ್ಲ. ಕೇಂದ್ರ ಅರವತ್ತು ದಿನದೊಳಗೆ ಆಕ್ಷೇಪಿಸದಿದ್ದರೆ ಒಪ್ಪಿದಂತೆಯೇ ಲೆಕ್ಕ. ಭಾವನ ಜೊತೆ ಅಲ್ಲಿಗೆ ಹೋಗಿ ನೆಲೆಸಿದ ಅಕ್ಕ ಇಪ್ಪತ್ತು ವರ್ಷದಿಂದ ಹೂಗಿಡ ಬೆಳೆಸಿ ಮಾರುತ್ತಿದ್ದ ಅರ್ಧ ಎಕರೆಯೂ ಹೋಗುವುದರಲ್ಲಿತ್ತು.

ಮಸೂದೆ ತಡೆಯಿರೆಂದು ಅಲ್ಲಿನವರು ಕಳಿಸಿ ಕಡತ ಸೇರಿದ್ದ ಮನವಿಯಲ್ಲಿ ಮೊದಲ ಸಹಿಯೇ ಅವಳದು. ಕಂಡದ್ದೇ ಹುಲಿ ಕಡತ ಮುಚ್ಚಿತು. ಅಕ್ಕನ ಜಮೀನಿಗಾಗಿ ಆಕ್ಷೇಪಿಸಿದ ಅಂದುಬಿಟ್ಟರೆ? ಬೇರೆಯವರಿಗೆ ಒಪ್ಪಿಸೋಣವೆಂದರೆ ಕಾರಣ ಬರೆಯಬೇಕು. ಅಂಚಿನಲ್ಲಿ ‘ಚರ್ಚಿಸಿ’ ಎಂದು ಬರೆದು ಕೆಳಗೆ ಕಳಿಸಿದ. ಆ ಕಟ್ಟಡದಲ್ಲಿ ಹಾಗೆ ಬರೆಸಿಕೊಂಡ ಕಡತಕ್ಕೆ ಸಾವಿಲ್ಲ. ಚರ್ಚಿಸುವವರು ಯಾರೂ ಹುಟ್ಟಿಲ್ಲ. ಮೂರು ಸಲ ಮೇಲೆ ಬಂತು, ಮೂರು ಸಲವೂ ಹಾಗೇ ಬರೆದ.

“ಆಕ್ಷೇಪ ಹೋಗ್ಲಿಲ್ಲ ಅಕ್ಕಾ.”

“ಅಂದ್ರೆ? ಮೇಲಿನವರು ತಡೆದ್ರಾ?”

“ಇಲ್ಲ, ನಾನೇ ಬರೀಲಿಲ್ಲ. ‘ಚರ್ಚಿಸಿ’ ಅಂತ ಹಾಕಿ ತಳ್ತಾ ಬಂದೆ. ನಿನ್ನ ಸಹಿ ಇತ್ತಲ್ಲ... ಜನ ಏನಂತಾರೋ ಅಂತ...”

ಅವಳು ಕೂಗಾಡಿದ್ದರೆ ಏಳು ಮಹಡಿಯೂ ಉದುರುತ್ತಿದ್ದವು, ಅವನ ಎದೆಯೂ ಹಗುರಾಗುತ್ತಿತ್ತು. ಅಕ್ಕ ಕೂಗಲಿಲ್ಲ.

“ಅದಕ್ಕೆ ನಾನೂರು ಮನೆಯವರು ಸಹಿ ಹಾಕಿದ್ರಲ್ಲೋ. ಅವರೆಲ್ಲ ನಿನಗೆ ಅಕ್ಕಂದಿರೇನೋ?”

ಮೂರು ಸರ್ಕಾರಗಳನ್ನು ಬೆವರಿಸಿದವನು “ಕೋರ್ಟಿಗೆ ಹೋಗ್ಬಹುದು,” ಎಂದು ತೊದಲಿದ.

“ಹೋಗ್ತೀವಿ ಬಿಡಪ್ಪಾ. ನೀನು ನಿನ್ನ ಹೆಸರು ಕಾಪಾಡ್ಕೊ.”

ಬಂದವರ ಚೀಟಿಗೆ ಅಧಿಕಾರಿಯ ಸಹಿ ಬೀಳದೆ ಗೇಟಿನವರು ಅವರನ್ನು ಹೊರಗೆ ಬಿಡುವುದಿಲ್ಲ. ಅಕ್ಕ ಪ್ರವೇಶ ಚೀಟಿಯನ್ನು ಮೇಜಿನ ಮೇಲಿಟ್ಟಳು. “ಇದಕ್ಕಾದ್ರೂ ಸಹಿ ಹಾಕ್ತೀಯಾ, ಇಲ್ಲಾ ಚರ್ಚೆ ಆಗ್ಬೇಕಾ?”

ಅವನು ಪೆನ್ನಿನ ಮುಚ್ಚಳ ತೆಗೆದ. ಬೆಳಿಗ್ಗೆ, ಈ ಸುದ್ದಿ ತಿಳಿಯುವ ಮೊದಲೇ, ಗೇಟಿನಲ್ಲಿ ಅವಳೇ ತುಂಬಿದ ಚೀಟಿ. ‘ಅಧಿಕಾರಿಯೊಂದಿಗೆ ಸಂಬಂಧ’ ಎಂಬುದರ ಮುಂದೆ ದುಂಡಗೆ ಬರೆದಿದ್ದಳು: ‘ಏನೂ ಇಲ್ಲ.’

ಅಕ್ಕ ಬಾಗಿಲ ಬಳಿ ಬಗ್ಗಿ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ ಕಾಯುತ್ತಿದ್ದಳು.