ಬೇಸ್ ಚೆನ್ನಾಗಿರೋದು ಕೊಡಪ್ಪ

ಸುಂದರಮ್ಮನಿಗೆ ಸಾಕಾಗಿ ಹೋಗಿತ್ತು. ಮಂಡಿನೋವು, ಬಿಸಿಲು, ಅಗೆದುಹಾಕಿದ ಗಾಂಧಿಬಜಾರಿನ ಫುಟ್‌ಪಾತು, ಇವೆಲ್ಲ ಹಾಗಿರಲಿ, ಆಕೆಗೆ ನಿಜವಾಗಿ ಸಾಕಾಗಿದ್ದು ಇಯರ್‌ಫೋನು. ಬೆಳಗ್ಗೆ ಕಾಫಿ ಲೋಟ ಕೈಗೆ ಕೊಟ್ಟರೆ ಇಯರ್‌ಫೋನಿನ ಮಾತು, ಊಟಕ್ಕೆ ಕೂತರೆ ಇಯರ್‌ಫೋನಿನ ಮಾತು. ಗಂಡ ಬದರೀನಾರಾಯಣರಿಗೆ ಹಿಡಿದದ್ದು ಬಿಡುವ ಅಭ್ಯಾಸ ಮೊದಲೇ ಇಲ್ಲ.

ಬದರೀನಾರಾಯಣರು ಮೃದಂಗ ನುಡಿಸುವವರು. ಶೇಷಾದ್ರಿಪುರದ ಕಾಲೇಜೊಂದರ ಆಫೀಸಿನಲ್ಲಿ ದುಡಿದು ನಿವೃತ್ತರಾದ ಮೇಲಂತೂ ಮೃದಂಗ ಬಿಟ್ಟರೆ ಅವರಿಗೆ ಬೇರೆ ಲೋಕವಿಲ್ಲ. ಕಛೇರಿಗೆ ಮುಂಚೆ ಮೃದಂಗದ ಎಡಗಡೆಗೆ ರವೆ ಕಲಸಿ ಹಚ್ಚುತ್ತಾರೆ. ಹಚ್ಚಿದರೇ ಆ ಎಡಕ್ಕೆ ಗುಂ ಅನ್ನುವ ದನಿ ಬರುವುದು; ಹೆಚ್ಚು ಹಚ್ಚಿದಷ್ಟೂ ಗುಂ ಹೆಚ್ಚು. ಮದುವೆಯಾದಾಗಿನಿಂದ ಚಿರೋಟಿ ರವೆಯನ್ನು ಸಣ್ಣ ಸ್ಟೀಲ್ ಡಬ್ಬಿಗೆ ತುಂಬಿ ಕೊಡುವುದು ಸುಂದರಮ್ಮನ ಕೆಲಸ. ಈಚೆಗೆ ಆ ಡಬ್ಬಿ ಸಾಲುತ್ತಿರಲಿಲ್ಲ.

"ಇನ್ನೊಂದಿಷ್ಟು ಹಾಕೇ. ಎಡ ಮಾತೇ ಆಡ್ತಿಲ್ಲ."

"ಮೃದಂಗಕ್ಕೆ ಹಚ್ತೀರೋ, ಸಭೆಗೆಲ್ಲ ಉಪ್ಪಿಟ್ಟು ಮಾಡಿ ಹಂಚ್ತೀರೋ?" ಎಂದು ಗೊಣಗಿಕೊಂಡೇ ಆಕೆ ದೊಡ್ಡ ಡಬ್ಬಿ ಹುಡುಕಿ ಕೊಟ್ಟಿದ್ದಳು.

ಹೋದ ತಿಂಗಳು ಮಲ್ಲೇಶ್ವರದಲ್ಲೊಂದು ಕಛೇರಿ ಆಯಿತು. ಹಾಡಿದವನು ಆತ್ರೇಯ, ಒಳ್ಳೇ ಹುಡುಗ. ಮುಗಿದ ಮೇಲೆ ಕಾಲಿಗೆ ನಮಸ್ಕಾರ ಮಾಡಿ, "ಸರ್, ಎಡ ಸ್ವಲ್ಪ ಜಾಸ್ತಿ ಆಯ್ತೇನೋ, ನನ್ನ ದನಿ ಮುಳುಗಿಹೋಯ್ತು" ಅಂದನಂತೆ. ಇವರಿಗೆ ಮೂಗಿನ ತುದಿಗೇ ಸಿಟ್ಟು. ಅವನು ಪಾಪ, ರೆಕಾರ್ಡಿಂಗನ್ನು ವಾಟ್ಸ್ಯಾಪಿಗೆ ಕಳಿಸಿ ಕೆಳಗೆ ಮೆತ್ತಗೆ ಬರೆದಿದ್ದ: ಒಂದು ಸಲ ಕೇಳಿ ಸರ್, ಹೀಗೇ ಆದರೆ ಚಾಮರಾಜಪೇಟೆಯ ರಾಮನವಮಿ ಪೆಂಡಾಲಿಗೆ ಬೇರೆಯವರನ್ನು ಕೇಳಬೇಕಾಗುತ್ತೆ.

ರಾಮನವಮಿ ಪೆಂಡಾಲು! ಬದರೀನಾರಾಯಣರು ವರ್ಷವಿಡೀ ಕಾಯುವುದು ಅದಕ್ಕೇ. ಉಳಿದ ಸಭೆಗಳೆಲ್ಲ ಒಂದೊಂದಾಗಿ ಅವರನ್ನು ಕರೆಯುವುದನ್ನು ಬಿಟ್ಟಿದ್ದವು. ಇದೂ ಹೋದರೆ ಆ ಮೃದಂಗ ಮನೆಯ ಮೂಲೆಯಲ್ಲಿ ಗವಸು ಹಾಕಿಕೊಂಡು ಕೂರಬೇಕಾಗುತ್ತಿತ್ತು, ಅದರ ಪಕ್ಕದಲ್ಲಿ ಇವರೂ.

ರೆಕಾರ್ಡಿಂಗ್ ಕೇಳಿದರೆ ಅವರಿಗೆ ಎಡವೇ ಇರಲಿಲ್ಲ. "ಇಲ್ಲದ್ದನ್ನ ಜಾಸ್ತಿ ಅಂತಾನಲ್ಲೇ ಇವನು!" ಎಂದು ಹಾರಾಡಿದರು. ಆಮೇಲೆ ತಪ್ಪು ಇಯರ್‌ಫೋನಿನದು ಎಂದು ತೀರ್ಮಾನವಾಯಿತು. ಆನ್‌ಲೈನಿನಲ್ಲಿ ತರಿಸಿದ್ದು ವಾಪಸ್ ಹೋಯಿತು. ಎದುರುಮನೆ ರಕ್ಷಿತಾಳದ್ದನ್ನು ಇಸಕೊಂಡು ಕೇಳಿದ್ದಾಯಿತು, ಅದೂ ಡಬ್ಬಾ. ಅದಕ್ಕೇ ಈ ಮಧ್ಯಾಹ್ನದ ಗಾಂಧಿಬಜಾರು, ಈ ಮೊಬೈಲ್ ಅಂಗಡಿ, ಈ ಪ್ಲಾಸ್ಟಿಕ್ ಸ್ಟೂಲು.

"ಬೇಸ್ ಚೆನ್ನಾಗಿರೋದು ಕೊಡಪ್ಪ. ರೇಟು ಮಾತ್ರ ನಮ್ಮಂಥೋರಿಗೆ ಆಗೋ ಹಾಗಿರ್ಲಿ."

ಅಂಗಡಿಯ ಲೋಹಿತ್ ನಗುಮುಖದವನು. "ಇದು ನೋಡಿ ಅಂಕಲ್, ಬೇಸ್ ಬೆಂಕಿ!" ಎಂದು ಒಂದನ್ನು ಕೊಟ್ಟ. ಬದರೀನಾರಾಯಣರು ತಮ್ಮ ಫೋನಿಗೆ ಸಿಕ್ಕಿಸಿ ಆ ರೆಕಾರ್ಡಿಂಗನ್ನೇ ಕಣ್ಣುಮುಚ್ಚಿ ಕೇಳಿದರು, ಇಲ್ಲವೆಂದು ತಲೆಯಾಡಿಸಿದರು. ಇನ್ನೊಂದು ಕೊಟ್ಟ. ಅದಕ್ಕೂ ಅದೇ. ಲೋಹಿತನಿಗೆ ಈಗ ಹಟ ಬಂತು.

"ಕಿವಿಯೊಳಗೆ ಸರಿಯಾಗಿ ಕೂರಬೇಕು ಅಂಕಲ್. ಸಂದಿಯಿದ್ರೆ ಬೇಸೆಲ್ಲ ಸೋರಿಹೋಗುತ್ತೆ." ತುದಿಯ ರಬ್ಬರು ತೆಗೆದು ಅದಕ್ಕಿಂತ ದೊಡ್ಡದನ್ನು ಸಿಕ್ಕಿಸಿ, ತಾನೇ ಒತ್ತಿ ಕೂರಿಸಿದ. "ಈಗ?"

"ಹಾಡು ಕೇಳುತ್ತೆ, ಬಲಗೈ ಕೇಳುತ್ತೆ. ಎಡ ಇಲ್ವೇ ಇಲ್ಲ. ಏನು ಮಾಲಪ್ಪ ಇದು?"

"ಇಷ್ಟರ ಮೇಲೆ ನಂಗೊತ್ತಿಲ್ಲ ಅಂಕಲ್."

ಸುಂದರಮ್ಮನಿಗೆ ತಲೆ ಚಿಟ್ಟು ಹಿಡಿಯಿತು. ಯಾವುದೋ ಒಂದನ್ನು ಕಟ್ಟಿಸಿಕೊಂಡು ಮನೆಗೆ ಹೋಗಿ ಕಾಲು ಚಾಚಿದರೆ ಸಾಕಿತ್ತು. "ಕೊಡಿ ಇಲ್ಲಿ" ಎಂದು ಇಸಕೊಂಡು, ಸೆರಗಿನಲ್ಲಿ ಒರೆಸಿ, ತನ್ನ ಕಿವಿಗೆ ಸಿಕ್ಕಿಸಿಕೊಂಡಳು.

ಗುಂ ಎಂದಿತು. ಮೊದಲ ಏಟಿಗೇ ದವಡೆಯವರೆಗೂ ಅದುರಿತು. ಮತ್ತೆ ಗುಂ, ಮತ್ತೆ ಗುಂ. ಆತ್ರೇಯ ಅದರ ಅಡಿಯಲ್ಲಿ ಸಿಕ್ಕಿಕೊಂಡು ಏನೋ ಹಾಡುತ್ತಿದ್ದ, ಪದವೇ ತಿಳಿಯುತ್ತಿರಲಿಲ್ಲ.

ಆಕೆ ಗಂಡನ ಕಿವಿಯನ್ನೇ ನೋಡಿದಳು. ಮೊನ್ನೆ ಸಂಪಿನ ಮೋಟಾರು ಪಕ್ಕದಲ್ಲೇ ಗುರ್ ಅನ್ನುತ್ತಿದ್ದರೂ ಟ್ಯಾಂಕು ಉಕ್ಕಿ ಹರಿಯುವವರೆಗೆ ಇವರು ಎದ್ದಿರಲಿಲ್ಲ. ಸೋಮಾರಿತನ ಎಂದು ಬೈದಿದ್ದಳು. ಸೋಮಾರಿತನವಲ್ಲ, ಅಯ್ಯೋ ದೇವರೇ, ಸೋಮಾರಿತನವಲ್ಲ. ತಗ್ಗಿನ ದನಿಯೇ ಇವರ ಕಿವಿಗೆ ಬೀಳುತ್ತಿಲ್ಲ.

"ಕೇಳಿಸ್ತೇನೇ? ಇದೆಯಾ ಎಡ?" ಬದರೀನಾರಾಯಣರು ಮುಖದ ಹತ್ತಿರಕ್ಕೆ ಬಗ್ಗಿದ್ದರು.

ಇಲ್ಲ ರೀ, ಡಬ್ಬಾ, ನಡೀರಿ ಮನೆಗೆ ಎಂದುಬಿಡಬಹುದಿತ್ತು. ಹಾಗಂದರೆ ನಾಳೆ ಇನ್ನೊಂದು ಅಂಗಡಿ, ಅಲ್ಲಿಂದ ಪೆಂಡಾಲು, ಪೆಂಡಾಲಿನಲ್ಲಿ ಇನ್ನೊಂದು ಹಿಡಿ ರವೆ, ಊರವರೆದುರು ನಗೆಪಾಟಲು.

"ಇದೆ ರೀ. ಗುಂ ಅಂತಿದೆ. ಆ ಹುಡುಗನ ಹಾಡೇ ಕೇಳಿಸ್ತಿಲ್ಲ."

"ನಿಂಗೇನೇ ಗೊತ್ತು ಮೃದಂಗ?"

"ಮೃದಂಗ ಗೊತ್ತಿಲ್ಲ. ಕಿವಿ ಕೇಳಿಸುತ್ತೆ."

ಅಂದಮೇಲೆ, ಅನ್ನಬಾರದಿತ್ತು ಎಂದು ಆಕೆಗೇ ಅನಿಸಿತು. ಲೋಹಿತ್ ಅತ್ತ ತಿರುಗಿ ಚಾರ್ಜರಿನ ವೈರುಗಳನ್ನು ಸುತ್ತತೊಡಗಿದ. ಬದರೀನಾರಾಯಣರು ಕಿವಿಯ ಮೇಲೆ ಕೈಯಿಟ್ಟುಕೊಂಡರು. ಕೊನೆಗೆ, "ಎಲ್ಲಕ್ಕಿಂತ ಕಡಿಮೇದು ಯಾವುದೋ ಅದನ್ನೇ ಕೊಡಪ್ಪ" ಅಂದರು.

"ಅದರಲ್ಲಿ ಬೇಸ್ ಅಷ್ಟು..."

"ಪರವಾಗಿಲ್ಲ. ಇವಳಿಗೆ ಕೇಳಿಸಿದ್ರೆ ಸಾಕು."

ವಾಪಸ್ ಬರುವಾಗ ಆಟೋದಲ್ಲೇ ಆತ್ರೇಯನಿಗೆ ಫೋನು ಮಾಡಿದರು. "ಕೇಳ್ದೆ ಕಣಪ್ಪಾ. ನೀನು ಹೇಳಿದ್ದೇ ಸರಿ. ಸರಿ ಮಾಡ್ಕೋತೀನಿ, ಇದೊಂದ್ಸಲ ನೋಡು." ಅಷ್ಟು ಸಣ್ಣ ದನಿಯಲ್ಲಿ ಅವರು ಯಾರಲ್ಲೂ ಬೇಡಿದ್ದನ್ನು ಸುಂದರಮ್ಮ ಕಂಡಿರಲಿಲ್ಲ. ಆಕೆ ಕಿವಿ ಡಾಕ್ಟರ ಮಾತೆತ್ತಿದಾಗ, "ರಾಮನವಮಿ ಆಗ್ಲಿ, ತಪ್ಪಿಸ್ಕೊಳಲ್ಲ" ಅಂದರು.

ಈ ಸಲ ಇವರನ್ನು ಪೆಂಡಾಲಿಗೆ ಕಳಿಸಿ, ಫ್ಯಾನು ಹಾಕಿಕೊಂಡು ಮಲಗುತ್ತೇನೆಂದು ಆಕೆ ಯುಗಾದಿಗೇ ಹೇಳಿಟ್ಟಿದ್ದಳು. ಕಛೇರಿಗೆ ಹೋಗುವುದನ್ನು ಬಿಟ್ಟೇ ಎಷ್ಟೋ ವರ್ಷವಾಗಿತ್ತು. ಪೆಂಡಾಲಿನ ಕಛೇರಿಯ ಸಂಜೆ ಅವರು ಜುಬ್ಬ ಹಾಕಿಕೊಂಡು ಬಾಗಿಲಲ್ಲಿ ನಿಂತರು. ರವೆಯ ಡಬ್ಬಿ ಕೈಯಲ್ಲಿತ್ತು. ಬಾ ಎಂದು ಕರೆಯಲಿಲ್ಲ, ಹೋಗಲೂ ಇಲ್ಲ.

"ಇರಿ, ಸೀರೆ ಬದಲಾಯಿಸ್ಕೊಂಡು ಬರ್ತೀನಿ" ಅಂದಳು.

ಪೆಂಡಾಲಿನಲ್ಲಿ ಪಾನಕ ಹಂಚುತ್ತಿದ್ದರು. ಸುಂದರಮ್ಮ ಮುಂದಿನ ಸಾಲಿನಲ್ಲಿ ಕಬ್ಬಿಣದ ಕುರ್ಚಿ ಹಿಡಿದಳು. ವೇದಿಕೆಯ ಮೇಲೆ ಬದರೀನಾರಾಯಣರು ರವೆ ಕಲಸಿ ಎಡಕ್ಕೆ ಹಚ್ಚಿ, ಒಂದು ಏಟು ಹಾಕಿ, ಇಷ್ಟು ವರ್ಷ ನೋಡಿದ ಹಾಗೆ ಗಾಯಕನನ್ನು ನೋಡಲಿಲ್ಲ. ಕೆಳಗೆ ಹೆಂಡತಿಯನ್ನು ನೋಡಿದರು. ಆಕೆ ಇನ್ನೂ ಕಡಿಮೆ ಮಾಡಿ ಎಂಬಂತೆ ಮಡಿಲಲ್ಲೇ ಅಂಗೈಯನ್ನು ಕೆಳಕ್ಕೆ ಒತ್ತಿದಳು. ಅವರು ಬೆರಳಲ್ಲಿ ಒಂದಿಷ್ಟು ಕೆರೆದು ತೆಗೆದು, ಇನ್ನೊಂದು ಏಟು ಹಾಕಿ ಮತ್ತೆ ನೋಡಿದರು. ಆಕೆ ಮತ್ತೆ ಒತ್ತಿದಳು. ಅವರಿಗೆ ಈಗ ಅದು ಸತ್ತ ಚರ್ಮದಂತೆ ಕೇಳುತ್ತಿರಬೇಕು, ಮುಖ ಅಳುವಂತಾಗಿತ್ತು. ಆದರೂ ಕೆರೆದರು. ಆಕೆ ಸಾಕು ಎಂದು ತಲೆಯಾಡಿಸಿದಳು.

ಆತ್ರೇಯ ಹಾಡು ಶುರುಮಾಡಿದ. ಅವನ ದನಿ ತೇಲಿಕೊಂಡು ಬಂತು, ಅದರ ಕೆಳಗೆ ಎಡ ಮೆತ್ತಗೆ ಗುಂ ಅಂದಿತು. ಹುಡುಗ ಹಾಡುತ್ತಲೇ ಇವರತ್ತ ತಿರುಗಿ ನಕ್ಕ. ಬದರೀನಾರಾಯಣರು ಅದನ್ನು ನೋಡಲಿಲ್ಲ; ಅವರ ಕಣ್ಣು ಸುಂದರಮ್ಮನ ಕೈಯ ಮೇಲೆಯೇ ಇತ್ತು. ಆಕೆಯ ಮಂಡಿ ಸೆಳೆಯುತ್ತಿತ್ತು, ನಿದ್ದೆ ಒತ್ತರಿಸಿಕೊಂಡು ಬರುತ್ತಿತ್ತು. ಇನ್ನು ಮೇಲೆ ಯಾವ ಕಛೇರಿಗೂ ತಪ್ಪಿಸಿಕೊಳ್ಳುವ ಹಾಗಿಲ್ಲವಲ್ಲಪ್ಪಾ ಎಂದುಕೊಂಡು, ಕೈಯನ್ನು ಅವರಿಗೆ ಚೆನ್ನಾಗಿ ಕಾಣುವ ಹಾಗೆ ಇನ್ನೊಂದಿಷ್ಟು ಮುಂದಕ್ಕೆ ಇಟ್ಟುಕೊಂಡಳು.