ಒಗ್ಗರಣೆ ಸಿಡಿದ ಬಿಳಿ ಟೈಲ್ಸು

ನಾನು ಒಂದು ಬಿಳಿ ಟೈಲ್ಸು. ಹುಟ್ಟಿದ್ದು ಗುಜರಾತಿನ ಒಂದು ಕಾರ್ಖಾನೆಯ ಭಟ್ಟಿಯಲ್ಲಿ. ಒಳಗೆ ಹೋಗುವಾಗ ಬರೀ ಮಣ್ಣು. ಹೊರಗೆ ಬರುವಾಗ ಮುಖ ನೋಡಿಕೊಳ್ಳುವಷ್ಟು ಹೊಳಪು. ಮೈಮೇಲೆ ಒಂದು ಗೆರೆಯಿಲ್ಲ, ಒಂದು ಹೂವಿಲ್ಲ. ಅದೇ ನನ್ನ ಹೆಮ್ಮೆ. ಮುಂದೆ ಅದೇ ತಲೆನೋವೂ ಆಯಿತು.

ಲಾರಿಯಲ್ಲಿ ದಾವಣಗೆರೆಗೆ ಬಂದೆ. ಅಂಗಡಿಯಲ್ಲಿ ಎರಡು ವರ್ಷ ಗೋಡೆಗೆ ಒರಗಿ ನಿಂತೆ. ಬಂದವರೆಲ್ಲ ನನ್ನ ಪಕ್ಕದವನನ್ನೇ ಮುಟ್ಟುತ್ತಿದ್ದರು. ಅವನ ಮೈತುಂಬ ದ್ರಾಕ್ಷಿ, ಬಾಳೆಹಣ್ಣು, ಹೊಗೆಯಾಡುವ ಚಹಾದ ಕಪ್ಪು. ನನ್ನನ್ನು ನೋಡಿದವರು "ಇದು ಬಚ್ಚಲಿಗೆ ಸರಿ" ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ನನ್ನ ಹಣೆಬರಹ ಅಷ್ಟೇ ಅನಿಸತೊಡಗಿತ್ತು.

ಒಂದು ದಿನ ಮೇಸ್ತ್ರಿ ರುದ್ರೇಶಿ ನಮ್ಮಿಬ್ಬರನ್ನೂ ಸ್ಯಾಂಪಲ್ಲೆಂದು ಹಾಲೇಶಪ್ಪನವರ ಮನೆಗೆ ಒಯ್ದ. ಅಲ್ಲಿ ಅಡುಗೆಮನೆಯನ್ನು ಹೊಸದು ಮಾಡಿಸುತ್ತಿದ್ದರು. ಒಲೆಯ ಹಿಂದಿನ ಗೋಡೆ ಇಪ್ಪತ್ತಾರು ವರ್ಷ ಎಣ್ಣೆ ಕುಡಿದು ಕಂದುಗಟ್ಟಿತ್ತು. ಅಷ್ಟೂ ವರ್ಷ ಅದರ ಮುಂದೆ ನಿಂತವರು ಅವರ ಹೆಂಡತಿ ದಾಕ್ಷಾಯಣಮ್ಮ. ಆದರೆ ಗೋಡೆಗೆ ಏನು ಹಾಕಿಸಬೇಕೆಂದು ಮಾತಾಡುತ್ತಿದ್ದವರು ಹಾಲೇಶಪ್ಪ.

"ಹಣ್ಣಿಂದೇ ಇರ್ಲಿ. ಬಂದೋರು ನೋಡಿದ್ರೆ ಒಂದು ಕಳೆ ಇರ್ಬೇಕು. ಏನಂತೀಯಾ?"

"ಇದೂ ಚೆನ್ನಾಗೈತೆ, ಅದೂ ಚೆನ್ನಾಗೈತೆ. ನಿಮಗೆ ಯಾವ್ದು ಸರಿ ಅನ್ಸುತ್ತೋ ಅದೇ ಹಾಕ್ಸ್ರಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು! ಗಂಡ ಆಚೆ ಹೋದ ಮೇಲೆ ಮಾತ್ರ ಆಕೆ ಬಂದು ನನ್ನ ಮೈಮೇಲೆ ಅಂಗೈ ಆಡಿಸುತ್ತಿದ್ದರು. ಒಂದು ಸಲವಲ್ಲ, ನಾಲ್ಕು ಸಲ.

ಹಣ್ಣಿನ ಟೈಲ್ಸನ್ನೇ ಮರುದಿನ ಬೆಳಿಗ್ಗೆ ತರಿಸುವುದೆಂದು ತೀರ್ಮಾನವಾಯಿತು. ಬೇಡವಾದ ಸ್ಯಾಂಪಲ್ಲನ್ನು ರುದ್ರೇಶಿ ಒಡೆದು, ಆ ಚೂರುಗಳನ್ನು ತಾರಸಿಯ ನೆಲಕ್ಕೆ ಹಾಕುತ್ತಾನೆ. ನನಗೆ ಭಯವಾಯಿತು. ಆಕೆಯ ಮೇಲೆ ಸಿಟ್ಟೂ ಬಂತು. ಬಾಯಿಬಿಟ್ಟು ಒಂದು ಮಾತು ಹೇಳಬಾರದೇ, ತಾಯಿ?

ಅಂದು ಸಂಜೆ ಒಗ್ಗರಣೆ ಮಂಡಕ್ಕಿ. ನಮ್ಮಿಬ್ಬರನ್ನೂ ಒಲೆಯ ಹಿಂದೆ ಒರಗಿಸಿದ್ದರು. ಅರಿಶಿನದ ಎಣ್ಣೆಗೆ ನೀರಿಳಿಯುವ ಟೊಮೆಟೊ ಬಿದ್ದದ್ದೇ ತಡ, ಬಾಣಲೆ ಚಟಪಟ ಸಿಡಿಯಿತು. ನನ್ನ ಮೈಯೆಲ್ಲ ಹಳದಿ ಚುಕ್ಕೆ. ಪಕ್ಕದವನ ಮೇಲೂ ಅಷ್ಟೇ ಬಿದ್ದಿತ್ತು. ಬಾಳೆಹಣ್ಣಿನ ನಡುವೆ ಕಾಣಲೇ ಇಲ್ಲ.

ಹಾಲೇಶಪ್ಪನವರಿಗೆ ಖುಷಿಯೋ ಖುಷಿ. "ನೋಡಿದ್ಯಾ? ಬಿಳೀದ್ರ ಮೇಲೆ ಕಲೆ ಹೆಂಗೆ ಎದ್ದು ಕಾಣ್ತೈತೆ! ಹಣ್ಣಿಂದ್ರಲ್ಲಿ ಏನೂ ಗೊತ್ತಾಗಲ್ಲ. ಅದೇ ಒಳ್ಳೇದು."

ನನ್ನ ಕಥೆ ಮುಗಿಯಿತು ಎಂದುಕೊಂಡೆ.

ದಾಕ್ಷಾಯಣಮ್ಮ ಸೌಟು ಕೆಳಗಿಟ್ಟರು.

"ಕಲೆ ಕಾಣ್ಬೇಕು ಕಣ್ರಿ. ಕಂಡ್ರೆ ತಾನೆ ಒರೆಸೋದು? ಆ ಹಣ್ಣಿನ ಮೇಲೆ ವರ್ಷಗಟ್ಲೆ ಜಿಡ್ಡು ಕೂತ್ರೂ ಗೊತ್ತಾಗಲ್ಲ. ದಿನಾ ಅದರ ಮುಂದೆ ನಿಲ್ಲೋಳು ನಾನು." ಬೆರಳು ಮಾಡಿ ನನ್ನನ್ನು ತೋರಿಸಿದರು. "ನನಗೆ ಬಿಳೀದೇ ಬೇಕು."

ಒದ್ದೆ ಬಟ್ಟೆ ತೆಗೆದುಕೊಂಡು ನನ್ನನ್ನು ಒಮ್ಮೆ ಒರೆಸಿದರು. ಹಳದಿ ಹೋಯಿತು. ಹಾಲೇಶಪ್ಪ ಖಾಲಿ ತಟ್ಟೆ ಕೆಳಗಿಟ್ಟು ಆಕೆಯತ್ತ ತಿರುಗಿದರು. ಹೆಂಡತಿಯ ಬಾಯಲ್ಲಿ 'ಬೇಕು' ಅನ್ನುವುದನ್ನು ಅವರು ಕೇಳಿರಲೇ ಇಲ್ಲ, ಪಾಪ.

"ಮೊದ್ಲೇ ಹೇಳಬಾರದಿತ್ತೇನೇ?" ಅಂದರು. "ಆಯ್ತು, ಬಿಳೀದೇ ಹಾಕ್ಸಾಣ."

ನನಗೆ ಹೋದ ಜೀವ ಬಂದಂತಾಯಿತು. ಆಕೆಗೂ ಹಾಗೇ ಆಗಿರಬೇಕು. ಸೆರಗಿನಿಂದ ಮುಖ ಒರೆಸಿಕೊಂಡು ಉದ್ದಕ್ಕೆ ಉಸಿರು ಬಿಟ್ಟರು.

ಈಗ ಹನ್ನೆರಡು ವರ್ಷವಾಯಿತು. ರುದ್ರೇಶಿ ನನ್ನನ್ನು ಒಲೆಯ ನೇರ ಹಿಂದೆಯೇ ಕೂರಿಸಿದ. ಮೈಮೇಲೆ ಸಣ್ಣ ಗೀರುಗಳು ಬಂದಿವೆ, ಸಂದಿನ ಬಿಳಿ ಸಿಮೆಂಟು ಮಾಸಿದೆ. ವಯಸ್ಸಾದ ಮೇಲೆ ಯಾರಿಗೆ ತಾನೆ ಹೊಳಪು ಉಳಿಯುತ್ತದೆ? ಊಟವಾದ ಮೇಲೆ ಹಾಲೇಶಪ್ಪ ನಮ್ಮನ್ನೆಲ್ಲ ಒರೆಸುತ್ತಾರೆ, ಮೂಲೆಗಳನ್ನು ಬಿಟ್ಟು. ಆಮೇಲೆ ಆಕೆ ಬಂದು ಮೂಲೆ ಒರೆಸುತ್ತಾರೆ.

ಮೊನ್ನೆ ಆಕೆಯ ತಂಗಿಯ ಮಗಳು ಬಂದಿದ್ದಳು. ಹೊಸ ಮನೆ ಕಟ್ಟಿಸುತ್ತಿದ್ದಾಳೆ.

"ಎಷ್ಟು ಬೆಳಕೈತೆ ದೊಡ್ಡಮ್ಮ ನಿಮ್ಮ ಅಡಿಗೆಮನೇಲಿ! ಈ ಟೈಲ್ಸು ಯಾರು ಆರ್ಸಿದ್ದು, ದೊಡ್ಡಪ್ಪನಾ?"

ಹಾಲೇಶಪ್ಪ ಬಾಯಿ ತೆರೆಯುವಷ್ಟರಲ್ಲಿ, ದಾಕ್ಷಾಯಣಮ್ಮ ರೊಟ್ಟಿ ತಿರುವಿ ಹಾಕುತ್ತಲೇ ಹೇಳಿದರು:

"ನಾನು."