ಬಗ್ಗಿ ಕೊಟ್ಟ ಅಳತೆ

ಕಾರ್ಖಾನೆಯ ನರ್ಸಮ್ಮ ಬಾಗಿಲಲ್ಲಿ ನಿಂತು ನಕ್ಕಾಗಲೇ ಕಟಿಂಗ್ ಮಾಸ್ಟರಿಗೆ ಅನುಮಾನ ಬಂತು. ರಜೆ ಹಾಕಿ ಮಲಗಿದವನ ಮನೆಗೆ ಬಂದು ಕಾರ್ಖಾನೆಯವರು ನಗುವುದುಂಟೇ? ಬೆನ್ನು ಹಿಡಿದುಕೊಂಡು ಅವರು ಮನೆ ಸೇರಿ ನಾಲ್ಕು ತಿಂಗಳಾಗಿತ್ತು. ಮೊದಮೊದಲು ಫೋನು ಮಾಡಿ ವಿಚಾರಿಸುತ್ತಿದ್ದ ಮ್ಯಾನೇಜರು ಈಚೆಗೆ ಅದನ್ನೂ ಬಿಟ್ಟಿದ್ದ. ಈಗ ಇದ್ದಕ್ಕಿದ್ದಂತೆ ಇವಳು!

"ಮಾಸ್ಟ್ರೇ, ನಿಮ್ಮ ಬೆನ್ನು ಪರೀಕ್ಷೆ ಮಾಡೋಕೆ ಬಂದಿಲ್ಲ, ಅದಕ್ಕೆ ಡಾಕ್ಟ್ರಿದ್ದಾರೆ. ನೀವು ಮತ್ತೆ ಕೆಲಸಕ್ಕೆ ಬರೋ ಹಾಗೆ ಅಲ್ಲಿ ಏನೇನು ಬದಲಾಯಿಸ್ಬೇಕು ಅಂತ ಕೇಳೋಕೆ ಬಂದೆ," ಎಂದಳು ನರ್ಸಮ್ಮ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡ ಮಾಸ್ಟರು ಸೊಂಟಕ್ಕೆ ಕೈಕೊಟ್ಟು, ಇದ್ದ ನೋವಿಗೆ ಒಂದಿಷ್ಟು ಸೇರಿಸಿ ನರಳಿದರು. ನೋವೇನೂ ಸುಳ್ಳಲ್ಲ. ಆದರೆ ನಿಜವಾದ ನೋವು ಕಣ್ಣಿಗೆ ಕಾಣುವುದಿಲ್ಲವಲ್ಲ, ಅದೇ ತಾಪತ್ರಯ.

ಹೋಟೆಲು, ಆಸ್ಪತ್ರೆಗಳಿಗೆ ಸಮವಸ್ತ್ರ ಹೊಲಿಯುವ ಕಾರ್ಖಾನೆ ಅದು. ಅಳತೆ ತೆಗೆಯುವುದೂ ಬಟ್ಟೆ ಕತ್ತರಿಸುವುದೂ ಮಾಸ್ಟರ ಕೆಲಸ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಂಡಸರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಟೇಪಿಗೆ ಸುಳ್ಳು ಹೇಳಿದ್ರೆ ಗುಂಡಿ ಕಿತ್ತು ಹೋಗೋದು ನಿಮ್ದೇ ಸ್ವಾಮಿ!" ಎಂದು ಎಲ್ಲರೆದುರೇ ಬೈದುಬಿಡುತ್ತಿದ್ದರು. ಅವರು ಕತ್ತರಿ ಆಡಿಸುತ್ತಿದ್ದ ಮೇಜು ಅವರ ಗುರುವಿನದು. ಗುರು ಕುಳ್ಳ, ಶಿಷ್ಯನೋ ಏಣಿ. ಮೇಜನ್ನು ಸ್ವಲ್ಪ ಎತ್ತರಿಸಿಕೊಳ್ಳಿ ಎಂದು ಯಾರಾದರೂ ಅಂದರೆ, "ಗುರು ನಿಂತ ಮೇಜು ಇದು. ಇದರ ಕಾಲು ಮುಟ್ಟಿದ್ರೆ ನಿಮ್ಮ ಕಾಲು ಮುರೀತೀನಿ" ಎನ್ನುತ್ತಿದ್ದರು. ಕೊನೆಗೆ ಮುರಿದದ್ದು ಅವರದೇ ಸೊಂಟ.

ಈಗ ಆ ಮೇಜಿನ ಮುಂದೆ ನಿಂತಿದ್ದವನು ಭಾಮೈದ, ಹೆಂಡತಿಯ ಸ್ವಂತ ತಮ್ಮ. ಹೊಲಿಗೆ ಮಿಷನ್ನಿನ ಹಿಂದೆ ಕೂತಿದ್ದವನಿಗೆ ಕತ್ತರಿ ಹಿಡಿಯಲು ಕಲಿಸಿದವರೇ ಮಾಸ್ಟರು. ಉಂಡ ಮನೆಯ ಜಂತಿ ಎಣಿಸುವವನು ಎಂದು ಈಗ ಅವನನ್ನು ಕೂತಲ್ಲಿ ನಿಂತಲ್ಲಿ ಶಪಿಸುತ್ತಿದ್ದರು. ಕತ್ತರಿ ಬಿಟ್ಟರೆ ಅವರಿಗೆ ಬೇರೆ ವಿದ್ಯೆ ಬಾರದು. ಆ ಜಾಗ ಕೈತಪ್ಪಿದರೆ ತಮ್ಮನ್ನು ಮಾಸ್ಟರು ಎಂದು ಕರೆಯುವವರಾದರೂ ಯಾರು? ಈ ಭಯವೇ ಅವರನ್ನು ಬೆನ್ನುನೋವಿಗಿಂತ ಹೆಚ್ಚು ಹಿಂಡುತ್ತಿತ್ತು.

"ಮೊದಲು ಅರ್ಧ ದಿನ ಬನ್ನಿ ಸಾಕು," ಎಂದಳು ನರ್ಸಮ್ಮ. "ಬಟ್ಟೆ ಥಾನು ಎತ್ತೋಕೆ ಇಬ್ಬರನ್ನ ಕೊಡ್ತಾರೆ. ಪೂರ್ತಿ ವಾಸಿಯಾದ ಮೇಲೇ ಬರ್ತೀನಿ ಅಂತ ಕೂತ್ರೆ, ದಿನ ಹೋದಷ್ಟೂ ಬರೋದು ಕಷ್ಟ ಆಗುತ್ತೆ ಮಾಸ್ಟ್ರೇ."

ಅರ್ಧ ದಿನ! ಅಂದರೆ ಒಂದು ಕಾಲು ಈಗಲೇ ಹೊರಗೆ, ಇನ್ನೊಂದು ಆಮೇಲೆ. ಮಾಸ್ಟರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆಗ ಅವಳು ಚೀಲದಿಂದ ಟೇಪು ತೆಗೆದಳು. "ನೆಟ್ಟಗೆ ನಿಂತ್ಕೊಳ್ಳಿ. ಮೇಜಿಗೆ ನಿಮ್ಮ ಮೊಣಕೈ ಎತ್ತರ ಬೇಕು."

ಬಂತಲ್ಲ ಬೋನು! ನೆಟ್ಟಗೆ ನಿಂತರೆ, 'ಮನುಷ್ಯ ಕಂಬದ ಹಾಗಿದ್ದಾನೆ, ರಜೆ ಬರೀ ನಾಟಕ' ಎಂದು ವರದಿ ಹೋಗುತ್ತದೆ. ಮಾಸ್ಟರು ಬೇಕೆಂದೇ ಕುಗ್ಗಿ, ಭುಜ ಇಳಿಬಿಟ್ಟು, ಗೂನು ಬೆನ್ನಾಗಿ ನಿಂತರು.

"ಇಷ್ಟೇನಾ ನೆಟ್ಟಗಾಗೋದು?"

"ಇಷ್ಟೇ ತಾಯಿ," ಎಂದರು. ಅವಳು ಮರುಗಿದಳು, ಅಳೆದಳು, ಹೋದಳು.

"ಇಷ್ಟು ಬಗ್ಗಿದ್ದನ್ನ ನಾನೇ ನೋಡಿಲ್ವಲ್ಲ ರೀ," ಎಂದಳು ಹೆಂಡತಿ.

"ಸುಮ್ನಿರೇ. ಅವಳು ಕಾರ್ಖಾನೆಯವರು ಕಳಿಸಿದ ಬೇಹುಗಾತಿ."

ವಾರ ಕಳೆಯಿತು. ತಮ್ಮನೊಂದಿಗೆ ಫೋನಿನಲ್ಲಿ ಮಾತಾಡಿ ಬಂದ ಹೆಂಡತಿ, "ಮೇಜು ಎತ್ತರಿಸಿದಾರಂತೆ ಕಣ್ರೀ. ನಿಂತ್ರೆ ಭಾರಿ ಆರಾಮ ಅಂತಿದ್ದ," ಎಂದಳು. ಮಾಸ್ಟರು ಎದ್ದು ಅಂಗಿ ಹಾಕಿಕೊಂಡರು. ನಾಲ್ಕು ತಿಂಗಳಿಂದ ಬೀದಿಯ ತಿರುವು ದಾಟದವರು ಸಿಟ್ಟಿನ ಭರದಲ್ಲಿ ಬಸ್ಸು ಹತ್ತಿ ಕಾರ್ಖಾನೆಗೆ ಬಂದೇಬಿಟ್ಟರು.

ಕಟಿಂಗ್ ಕೋಣೆಯಲ್ಲಿ ಗುರುವಿನ ಮೇಜಿನ ನಾಲ್ಕೂ ಕಾಲಿಗೆ ಹೊಸ ಮರದ ದಿಮ್ಮಿ. ಅದರ ಮುಂದೆ ಭಾಮೈದ, ಹೇಳಿ ಮಾಡಿಸಿದ ಹಾಗೆ! ಮಾಸ್ಟರ ಭುಜಕ್ಕೂ ಬಾರದ ಆಳು ಬೆನ್ನು ಬಗ್ಗಿಸದೆ ಸರಸರ ಕತ್ತರಿಸುತ್ತಿದ್ದ. ಪಕ್ಕದಲ್ಲಿ ಅದೇ ನರ್ಸಮ್ಮ.

"ಅಳತೆ ತಗೊಂಡಿದ್ದು ನನ್ನದು, ಮೇಜು ಮಾಡಿಸಿದ್ದು ಇವನಿಗೆ! ಎಷ್ಟು ದಿನದಿಂದ ನಡೀತಿದೆ ಈ ಮಸಲತ್ತು?" ಮಾಸ್ಟರ ಕೂಗಿಗೆ ಮಿಷನ್ನುಗಳ ಸದ್ದು ನಿಂತಿತು.

"ಅಯ್ಯೋ ಭಾವ!" ಭಾಮೈದ ಕೈ ಚಾಚಿದ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಒಡೆದಿತ್ತು. "ನಿಮ್ಮ ಕತ್ತರಿ ಹಿಡಿದು ಹಿಡಿದು ಈ ಗತಿ. ನೀವು ಯಾವಾಗ ಬರ್ತೀರೋ, ನಾನು ಯಾವಾಗ ಮಿಷನ್ನಿಗೆ ಓಡ್ತೀನೋ ಅಂತ ಕಾಯ್ತಿದೀನಿ."

ನರ್ಸಮ್ಮ ಕಕ್ಕಾಬಿಕ್ಕಿಯಾಗಿದ್ದಳು. "ಇದು ನಿಮ್ಮ ಮೊಣಕೈ ಅಳತೇನೇ ಮಾಸ್ಟ್ರೇ. ಬಡಗಿಗೆ ನಾನೇ ಹೇಳಿದ್ದು. ಬನ್ನಿ, ನಿಂತು ನೋಡಿ."

ಮಾಸ್ಟರು ಮೇಜಿನ ಮುಂದೆ ನಿಂತರು. ಸಿಟ್ಟಿನಲ್ಲಿ ಮೈ ತಾನಾಗಿಯೇ ಸೆಟೆದಿತ್ತು. ಮೇಜು ಮೊಣಕೈಯಿಂದ ಗೇಣು ಕೆಳಗೇ ಉಳಿಯಿತು. ಆಮೇಲೆ ಮೆಲ್ಲಗೆ ಭುಜ ಇಳಿಬಿಟ್ಟು, ಅಂದು ನಿಂತ ಹಾಗೆ ಗೂನಾಗಿ ನಿಂತರು. ಮೇಜು ಸರಿಯಾಗಿ ಕೈಗೆ ಬಂತು. ಜೀವಮಾನವಿಡೀ ಊರಿನವರ ಅಳತೆ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಮೇಡಂ, ಅವತ್ತು ನಾನು... ಬೇಕೂಂತಲೇ ಬಗ್ಗಿ ನಿಂತಿದ್ದೆ. ಕೆಲಸದಿಂದ ತೆಗೆಯೋಕೆ ಬಂದಿದೀರ ಅಂದ್ಕೊಂಡೆ."

ಮಿಷನ್ನುಗಳ ಸಾಲಿನಿಂದ ಒಂದು ಹೆಣ್ಣುದನಿ ಕೇಳಿತು: "ನೀವೂ ಹೊಟ್ಟೆ ಎಳ್ಕೊಂಡ್ರಾ ಮಾಸ್ಟ್ರೇ?"

ಕೋಣೆಗೆ ಕೋಣೆಯೇ ನಕ್ಕಿತು. ಮಾಸ್ಟರು ನಗಲಿಲ್ಲ. ಕಣ್ಣು ತುಂಬಿ ಬಂದದ್ದನ್ನು ತೋಳಿನಿಂದ ಒರೆಸಿಕೊಂಡು, ಕೊಕ್ಕೆಗೆ ನೇತುಹಾಕಿದ್ದ ತಮ್ಮ ಹಳೆಯ ಟೇಪನ್ನು ತೆಗೆದು ನರ್ಸಮ್ಮನ ಕೈಗಿಟ್ಟರು.

"ಈಗ ತಗೊಳ್ಳಿ," ಎಂದರು.

ನೆಟ್ಟಗೆ ನಿಂತರು. ನೋವಾಯಿತು. ಆದರೆ ಎಷ್ಟು ನೋವಾಯಿತೋ ಅಷ್ಟೇ ಮುಖ ಕಿವಿಚಿದರು, ಒಂದು ನೂಲೂ ಹೆಚ್ಚಿಲ್ಲ.